ಅತ್ತೆ ಹೇಳಿದ ಐವತ್ತೈದು

ಭಾನುವಾರ ಸಂಜೆ ನನ್ನ ಬಿ.ಪಿ. ನಾನೇ ನೋಡಿಕೊಳ್ಳುವ ಚಟ ನನಗೆ ಅಂಟಿದ್ದು ಈ ವರ್ಷ. ಜಗಳೂರಿನ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ಇಷ್ಟು ವರ್ಷ ಕಂಡಕಂಡವರ ತೋಳಿಗೆಲ್ಲ ಪಟ್ಟಿ ಸುತ್ತಿದ್ದೇನೆ, ನನಗೂ ಒಂದು ತೋಳಿದೆ ಎಂಬುದು ಮರೆತೇ ಹೋಗಿತ್ತು. ನೆನಪಾದದ್ದು ನಲವತ್ತರ ಹತ್ತಿರಕ್ಕೆ ಬಂದು ಪ್ರವೇಶ ಪರೀಕ್ಷೆಗೆ ಓದಲು ಕುಳಿತ ಮೇಲೆ. ಪ್ರತಿ ಭಾನುವಾರ ಮಧ್ಯಾಹ್ನ ಮೊಬೈಲಿನಲ್ಲಿ ಒಂದು ಮಾದರಿ ಪರೀಕ್ಷೆ ಬರೆಯುತ್ತಿದ್ದೆ. ನೂರು ಪ್ರಶ್ನೆ, ನೂರು ಅಂಕ. ಬರೆದು ಮುಗಿಸಿ, ಅಂಕ ನೋಡಿ, ಆಮೇಲೆ ಪಟ್ಟಿ ಸುತ್ತಿಕೊಳ್ಳುತ್ತಿದ್ದೆ. ಅಂಕ ಏರಿದ ದಿನ ಬಿ.ಪಿ. ಇಳಿದಿರುತ್ತಿತ್ತು, ಅಂಕ ಇಳಿದ ದಿನ ಬಿ.ಪಿ. ಏರಿರುತ್ತಿತ್ತು. ಮುನಿಸಿಕೊಂಡ ವಾರಗಿತ್ತಿಯರ ಹಾಗೆ, ಒಬ್ಬಳು ಬಂದು ಕೂತರೆ ಇನ್ನೊಬ್ಬಳು ಎದ್ದು ಹೋಗುತ್ತಿದ್ದಳು.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನನ್ನ ಜೊತೆಯವರೂ ಕೇಳಿದರು. ಎಂ.ಎಸ್ಸಿ. ನರ್ಸಿಂಗ್ ಮಾಡಿದರೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಬಹುದು, ನನಗೆ ಪಾಠ ಹೇಳುವ ಆಸೆ. ಹೊಸದಾಗಿ ಬಂದ ಹುಡುಗಿಯರಿಗೆ ನರ ಹುಡುಕಿ ಸೂಜಿ ಹಾಕುವುದನ್ನು ತೋರಿಸಿ, ಅವರು ಮೊದಲ ಸಲ ತಾವೇ ಹಾಕಿ, ರಕ್ತ ಕಂಡ ಕೂಡಲೇ ಬಹುಮಾನ ಬಂದವರ ಹಾಗೆ ನನ್ನ ಮುಖ ನೋಡುತ್ತಾರಲ್ಲ, ಆಗ ನನಗಾಗುವ ಸಂತೋಷ ಸಂಬಳದ ದಿನವೂ ಆಗುವುದಿಲ್ಲ. ಆದರೆ ಮೊದಲು ಮದುವೆ ಅಡ್ಡ ಬಂತು, ಆಮೇಲೆ ಮಗಳು ಬಂದಳು, ಆಮೇಲೆ ಕೋವಿಡ್ ಬಂತು. ಕೆಲಸದಲ್ಲಿದ್ದುಕೊಂಡು ಓದಲು ಹೋಗುವವರಿಗೆ ವಯಸ್ಸಿನ ಗಡಿಯೊಂದಿದೆ. ಆ ಗಡಿಗೆ ನಾನು ಈ ವರ್ಷ ಬಂದು ನಿಂತಿದ್ದೆ. ಈ ಸಲ ಸೀಟು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಆ ಆಸೆಯನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಬೇಕಿತ್ತು.

ನನ್ನ ಮೊಬೈಲಿನ ಪರೀಕ್ಷೆಯಲ್ಲಿ ಅಂಕ ಹೇಳುವುದು ಒಂದು ಗೂಬೆ. ಕನ್ನಡಕ ಹಾಕಿಕೊಂಡ ಗೂಬೆ. ಅಂಕ ಏರಿದರೆ ರೆಕ್ಕೆ ಬಡಿಯುತ್ತದೆ, ಇಳಿದರೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತದೆ. ಅದನ್ನು ಮಾಡಿದವರ ಊರಿನಲ್ಲಿ ಗೂಬೆ ಜಾಣ ಪಕ್ಷಿಯಂತೆ. ನಮ್ಮ ಅತ್ತೆ ಹಾಲಮ್ಮನವರು ಮೊದಲ ಸಲ ಅದನ್ನು ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು. "ಗೂಬೆ ಮಕ ನೋಡಿ ಪರೀಕ್ಷೆ ಬರೀತೀಯಲ್ಲವ್ವ, ಹೆಂಗೆ ಉದ್ಧಾರ ಆಗಾಕೆ ಆಗ್ತೈತೆ?" ಎಂದರು. ಆದರೂ ಮೊದಲ ಭಾನುವಾರ ನಲವತ್ತೆಂಟು ಬಂತು, ಮುಂದಿನ ವಾರ ಅರವತ್ತೊಂದು, ಅದರ ಮುಂದಿನ ವಾರ ಎಪ್ಪತ್ನಾಲ್ಕು. ಗೂಬೆ ರೆಕ್ಕೆ ಬಡಿದು ಬಡಿದು ಸುಸ್ತಾಯಿತು. ನಾನು ಅಡುಗೆಮನೆಗೆ ಓಡಿ ಹೋಗಿ ಅತ್ತೆಗೆ ಎಪ್ಪತ್ನಾಲ್ಕು ಎಂದು ಹೇಳಿ, ಅವರ ಕೈಯಿಂದ ಒಂದು ಚೂರು ಬೆಲ್ಲ ಇಸಿದುಕೊಂಡು ತಿಂದೆ.

ಅಷ್ಟರಲ್ಲಿ ಪಕ್ಕದ ಮನೆಯ ರುದ್ರಕ್ಕ ಮಜ್ಜಿಗೆಗೆ ಬಂದಳು. ರುದ್ರಕ್ಕ ಒಂದು ಮಾತು ಕೇಳಿಸಿಕೊಂಡರೆ ಅದು ಸಂತೆಮೈದಾನ ತಲುಪುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ.

"ಸುಜಾತಕ್ಕಂಗೆ ಎಷ್ಟು ಬಂತಂತೆ ಹಾಲಕ್ಕ?"

"ಎಲ್ಲಿ ಬರ್ತೈತೆ ಬಿಡೇ ರುದ್ರಿ," ಎಂದರು ಅತ್ತೆ, ಕೈಯಲ್ಲಿದ್ದ ಬೆಲ್ಲದ ಡಬ್ಬಿಯ ಮುಚ್ಚಳ ಒತ್ತುತ್ತಾ. "ಏನೋ ಐವತ್ತೈದಂತೆ."

ನನ್ನ ಬಾಯಲ್ಲಿ ಬೆಲ್ಲ ಇನ್ನೂ ಕರಗಿರಲಿಲ್ಲ. ಕಣ್ಣೆದುರೇ ಹತ್ತೊಂಬತ್ತು ಅಂಕ ಹೋಗಿದ್ದವು. ರುದ್ರಕ್ಕ ಆಚೆ ಹೋದ ಮೇಲೆ ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು. ಅತ್ತೆ ನನ್ನನ್ನು, ಉರಿಯುವ ಒಲೆಗೆ ಕೈ ಹಾಕಲು ಹೋದ ಮಗುವನ್ನು ನೋಡುವ ಹಾಗೆ ನೋಡಿದರು. "ಇದ್ದದ್ದು ಇದ್ದಂಗೆ ಯಾರಾದ್ರೂ ಹೇಳ್ತಾರೇನವ್ವ?" ಎಂದರು.

ಇಲ್ಲಿ ನಿಮಗೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಜಗಳೂರಿನ ಸುತ್ತ ಯಾರೂ ತಮ್ಮ ಬೆಳೆಯ ನಿಜವಾದ ಲೆಕ್ಕ ಹೇಳುವುದಿಲ್ಲ. ಮೆಕ್ಕೆಜೋಳದ ಕಾಲದಲ್ಲಿ ಬಂದು ನೋಡಿ. ಡಾಂಬರು ರಸ್ತೆಯ ಅರ್ಧಕ್ಕೆ ಜೋಳ ಹರವಿರುತ್ತಾರೆ, ಬಸ್ಸು ಮೈ ಕೊಂಕಿಸಿಕೊಂಡು ಪಕ್ಕದಲ್ಲಿ ಹೋಗುತ್ತದೆ. ಆ ರಾಶಿಯ ಮುಂದೆ ನಿಂತ ಯಜಮಾನರನ್ನು "ಈ ಸಲ ಹೆಂಗ್ರಿ ಬೆಳೆ?" ಎಂದು ಕೇಳಿ. "ಏನ್ ಬೆಳೆ ಬಿಡ್ರಿ, ಹಾಕಿದ ಬೀಜ ವಾಪಸ್ ಬಂತು" ಎನ್ನುತ್ತಾರೆ. ಕುರಿಯವರನ್ನು ಎಷ್ಟಿವೆ ಎಂದು ಕೇಳಿದರೆ "ಒಂದು ಹತ್ತು ಹದಿನೈದು ಇರಬೌದು" ಎನ್ನುತ್ತಾರೆ, ಅವರ ಮಂದೆ ರಸ್ತೆ ದಾಟಿ ಮುಗಿಯುವಷ್ಟರಲ್ಲಿ ನಿಮ್ಮ ಬಸ್ಸಿನ ಡ್ರೈವರ್ ಇಳಿದು ಒಂದು ಟೀ ಕುಡಿದು ಬಂದಿರುತ್ತಾನೆ. ಲೆಕ್ಕ ಹೇಳಿದರೆ ದೃಷ್ಟಿ ತಾಗುತ್ತದೆ, ತಾಗಿದರೆ ಇಳಿಯುತ್ತದೆ. ಇದು ಸುಳ್ಳು ಎಂದು ಇಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಅಡುಗೆಗೆ ಮುಚ್ಚಳ ಮುಚ್ಚುವುದು ಸುಳ್ಳೇ?

ನಾನು ಹುಟ್ಟಿ ಬೆಳೆದದ್ದು ನ್ಯಾಮತಿಯಲ್ಲಿ. ನಮ್ಮಪ್ಪ ಹೈಸ್ಕೂಲಿನಲ್ಲಿ ಜವಾನರಾಗಿದ್ದರು. ನಮಗೆ ಒಂದು ಗುಂಟೆಯೂ ಹೊಲವಿರಲಿಲ್ಲ, ಅಪ್ಪನ ಸಂಬಳ ಎಷ್ಟೆಂದು ಬೀದಿಗೆಲ್ಲ ಗೊತ್ತಿತ್ತು. ಮುಚ್ಚಿಡುವುದಕ್ಕೆ ಏನೂ ಇಲ್ಲದ ಮನೆಯಲ್ಲಿ ಬೆಳೆದವಳಿಗೆ ಮುಚ್ಚಿಡುವ ವಿದ್ಯೆ ಎಲ್ಲಿಂದ ಬರಬೇಕು? ಮದುವೆಯಾಗಿ ಬಂದ ಹೊಸದರಲ್ಲಿ ಹಸು ಎಷ್ಟು ಹಾಲು ಕೊಡುತ್ತದೆ ಎಂದು ಯಾರೋ ಕೇಳಿದಾಗ ನಾನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅತ್ತೆ ಆ ದಿನ ಹಸುವಿಗೂ ನಿವಾಳಿಸಿದರು, ನನಗೂ ನಿವಾಳಿಸಿದರು. ಮಗಳು ಹುಟ್ಟಿದಾಗ ಆಸ್ಪತ್ರೆಯ ತಕ್ಕಡಿಯಲ್ಲಿ ನಾನೇ ನೋಡಿದ್ದೆ, ಮೂರು ಕಿಲೋ ಇನ್ನೂರು ಗ್ರಾಂ. ಊರಿನಲ್ಲಿ ಅವಳು ಇವತ್ತಿಗೂ ಎರಡು ಕಿಲೋ ಚಿಲ್ಲರೆಗೆ ಹುಟ್ಟಿದ ಕೂಸು.

ಹಾಗೆ ನೋಡಿದರೆ ಆಸ್ಪತ್ರೆಯಲ್ಲಿ ನನಗೆ ಇದು ರೂಢಿಯಾಗಬೇಕಿತ್ತು. ದಿನಕ್ಕೆ ಎಷ್ಟು ಬೀಡಿ ಸೇದ್ತೀರಿ ಎಂದು ಕೇಳಿದರೆ "ಎಲ್ಲಿ ಸಿಸ್ಟ್ರೇ, ಒಂದೋ ಎರಡೋ" ಎನ್ನುತ್ತಾರೆ, ಜೇಬಿನಲ್ಲಿ ಕಟ್ಟು ಉಬ್ಬಿರುತ್ತದೆ. ನಮ್ಮ ಡಾಕ್ಟರು ರೋಗಿ ಹೇಳಿದ ಸಂಖ್ಯೆಯನ್ನು ಐದರಿಂದ ಗುಣಿಸಿ ಚೀಟಿಯಲ್ಲಿ ಬರೆಯುತ್ತಾರೆ. ಕುಡಿಯುವವರದ್ದಾದರೆ ಹತ್ತರಿಂದ. ಆದರೆ ಭೇದಿ ಎಷ್ಟು ಸಲ ಆಯಿತು ಎಂದು ಕೇಳಿ ನೋಡಿ. ಅದೇ ಮನುಷ್ಯ ಬೆರಳು ಮಡಚಿ, ಹೆಂಡತಿಯನ್ನು ಸಾಕ್ಷಿಗೆ ಕರೆದು, ಒಂದನ್ನೂ ಬಿಡದೆ ಒಪ್ಪಿಸುತ್ತಾನೆ. ಅಲ್ಲಿ ಗುಣಿಸುವ ಅಗತ್ಯವೇ ಇಲ್ಲ. ಈ ವ್ಯತ್ಯಾಸ ನಾನು ಎಷ್ಟೋ ವರ್ಷದಿಂದ ನೋಡಿದ್ದೆ. ನೋಡಿ ನಕ್ಕು ಮುಂದಿನವರನ್ನು ಕರೆದಿದ್ದೆ, ಅಷ್ಟೇ.

ಎಪ್ಪತ್ನಾಲ್ಕರ ಮುಂದಿನ ಭಾನುವಾರ ಅರವತ್ಮೂರು ಬಂತು. ಗೂಬೆ ಕನ್ನಡಕ ತೆಗೆಯಿತು. ಅದರ ಮುಂದಿನ ವಾರ ಐವತ್ತೆಂಟು.

ಅಂಕ ಇಳಿದಾಗ ಮನುಷ್ಯ ಮೊದಲು ಹುಡುಕುವುದು ಕಾರಣವನ್ನಲ್ಲ, ಆರೋಪಿಯನ್ನು. ಮೊದಲ ಸಲ ಇಳಿದಾಗ ತಪ್ಪು ಪ್ರಶ್ನೆ ಮಾಡಿದವರದು. ಎರಡನೆಯ ಸಲ ತಪ್ಪು ಕುರ್ಚಿಯದು, ಅದರ ಒಂದು ಕಾಲು ಗಿಡ್ಡ. ಕುರ್ಚಿ ಬದಲಾಯಿಸಿದೆ. ಆಮೇಲೆ ಹಿಂದಿನ ಸಂಜೆ ತಿಂದ ಮಂಡಕ್ಕಿ ಮಿರ್ಚಿಯ ಮೇಲೆ ಅನುಮಾನ ಬಂತು, ಅದನ್ನೂ ಬಿಟ್ಟೆ. ಪರೀಕ್ಷೆ ಬರೆಯುವಾಗ ಮಗಳು ಎದುರಿಗೆ ಬರಬಾರದು ಎಂದೆ. ಒಂಬತ್ತನೇ ಕ್ಲಾಸಿನ ಅವಳು, "ಅಮ್ಮ, ನೀನು ನನಗೆ ಮಾರ್ಕ್ಸ್ ಮುಖ್ಯ ಅಲ್ಲ, ಕಲಿಯೋದು ಮುಖ್ಯ ಅಂತ ಹೇಳಿದ್ದೆ" ಎಂದು ನೆನಪಿಸಿ ಹೋದಳು. ಮಕ್ಕಳಿಗೆ ಒಳ್ಳೆಯ ಮಾತು ಹೇಳುವ ಮುಂಚೆ ನಾವು ಸ್ವಲ್ಪ ಯೋಚಿಸಬೇಕು.

ಇದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ನಾನೇ ವಾರ್ಡಿನಲ್ಲಿ ಎಷ್ಟು ಜನರಿಗೆ ಸಮಾಧಾನ ಹೇಳಿದ್ದೇನೆ! ಸಂಜೆ ಜ್ವರ ಏರಿತು ಎಂದು ರೋಗಿಯ ಕಡೆಯವರು ಅಳುತ್ತಾ ಬಂದರೆ, ಮಂಚದ ತುದಿಗೆ ತೂಗುಹಾಕಿದ ಚಾರ್ಟು ತೋರಿಸಿ, "ಒಂದು ಹೊತ್ತಿನ ಜ್ವರ ನೋಡಿ ಹೆದರಬಾರದು, ನಾಲ್ಕು ದಿನದ್ದು ಒಟ್ಟಿಗೆ ನೋಡಬೇಕು" ಎಂದು ಬಹಳ ಗಂಭೀರವಾಗಿ ಹೇಳುತ್ತಿದ್ದೆ. ಈಗ ಅದೇ ಮಾತನ್ನು ನನಗೆ ನಾನೇ ಹೇಳಿಕೊಂಡರೆ, ಹೇಳಿದ ಆ ಸಿಸ್ಟರ್ ಮೇಲೆ ಸಿಟ್ಟು ಬರುತ್ತಿತ್ತು. ಅವಳಿಗೇನು ಗೊತ್ತು ನಮ್ಮ ಸಂಕಟ ಅನ್ನಿಸುತ್ತಿತ್ತು.

ನಮ್ಮ ಮನೆಯವರು ತಿಪ್ಪೇಶ, ಮಾತು ಕಡಿಮೆ. ಶೇಂಗಾ ಕೀಳುವ ಮುಂಚೆ ಅವರು ಹೊಲದ ನಾಲ್ಕು ಮೂಲೆಯಲ್ಲಿ ಒಂದೊಂದು, ನಡುವೆ ಒಂದು ಗಿಡ ಕಿತ್ತು ಕಾಯಿ ನೋಡುತ್ತಾರೆ. ಐವತ್ತೆಂಟು ಬಂದ ದಿನ ನಾನು ಮುಖ ಊದಿಸಿಕೊಂಡು ಕೂತದ್ದು ನೋಡಿ, ಬಹಳ ಹೊತ್ತು ಯೋಚಿಸಿ, "ಒಂದು ಗಿಡ ಕಿತ್ತು ಹೊಲ ಕೆಟ್ಟೈತೆ ಅನ್ನಬಾರದು" ಎಂದರು. ಮದುವೆಯಾದ ಮೇಲೆ ಅವರು ಆಡಿದ ಅತಿ ಉದ್ದದ ಸಮಾಧಾನದ ಮಾತು ಅದು. ನಾನು ಅದನ್ನು ಗೌರವದಿಂದ ತೆಗೆದುಕೊಳ್ಳಬೇಕಿತ್ತು. ಬದಲಿಗೆ "ನಾಲ್ಕು ಮೂಲೆದೂ ಕಿತ್ತಾತು ಕಣ್ರೀ, ಎಲ್ಲಾ ಬರೀ ಜೊಳ್ಳು" ಎಂದೆ. ಅವರು ಎದ್ದು ಕುರಿಗಳ ಹತ್ತಿರ ಹೋದರು. ಕುರಿಗಳು ಎದುರು ಮಾತಾಡುವುದಿಲ್ಲ.

ನನಗೆ ನಿಜವಾಗಿ ಸಮಾಧಾನ ಕೊಡುತ್ತಿದ್ದವಳು ಚನ್ನಗಿರಿಯ ವಸಂತ. ನನ್ನ ಜೊತೆ ಓದಿದವಳು, ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸು, ಅದೇ ಪರೀಕ್ಷೆಗೆ ಅವಳೂ ಕಟ್ಟಿದ್ದಳು. ಭಾನುವಾರ ಸಂಜೆ ಫೋನು ಮಾಡಿ "ನಂದೂ ಅಷ್ಟೇ ಕಣೇ, ಐವತ್ತು ಚಿಲ್ಲರೆ" ಎನ್ನುತ್ತಿದ್ದಳು. ಪ್ರತಿ ವಾರವೂ ಐವತ್ತು ಚಿಲ್ಲರೆ. ಪಾಪ, ಅವಳೂ ನನ್ನ ಹಾಗೆಯೇ ಒದ್ದಾಡುತ್ತಿದ್ದಾಳೆ ಎಂದುಕೊಂಡು ನಾನು ಅವಳಿಗಾಗಿ ಮರುಗಿ, ಆ ಮರುಕದಲ್ಲೇ ಸ್ವಲ್ಪ ಹಗುರಾಗುತ್ತಿದ್ದೆ. ಅವಳು ಅಡಿಕೆ ವ್ಯಾಪಾರದ ಮನೆಯ ಸೊಸೆ, ಲೆಕ್ಕ ಮುಚ್ಚಿಡುವುದು ಅವರಿಗೂ ಗೊತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಹೊಳೆದ ದಿನ ಗುಣಾಕಾರ ಮಾಡಿ, ಊಟ ಸೇರದೆ ಎದ್ದೆ.

ಮುಂದಿನ ಭಾನುವಾರ ಬಂದದ್ದು ಐವತ್ತೈದು. ಸರಿಯಾಗಿ ಐವತ್ತೈದು. ನಾನು ಮಂಕಾಗಿ ಹೋಗಿ ಹೇಳಿದೆ. ಅತ್ತೆಯ ಮುಖ ಅರಳಿತು. "ನೋಡಿದ್ಯಾ! ನಾನು ಹೇಳಿದ್ದೇ ಖರೇ ಆತು!" ಎಂದರು. ಇಷ್ಟು ವರ್ಷದಲ್ಲಿ ಅವರು ಹೊರಗಿನವರಿಗೆ ಹೇಳಿದ ಒಂದು ಸಂಖ್ಯೆ ನಿಜವಾದದ್ದು ಅದೇ ಮೊದಲಿರಬೇಕು. ಇನ್ನೊಂದು ವಿಚಿತ್ರವೂ ಇತ್ತು. ಊರಿನ ಪಾಲಿಗೆ ನನ್ನ ಅಂಕ ಇಳಿದೇ ಇರಲಿಲ್ಲ. ಎಪ್ಪತ್ನಾಲ್ಕರಲ್ಲೂ ಐವತ್ತೈದು, ಐವತ್ತೆಂಟರಲ್ಲೂ ಐವತ್ತೈದು, ಈಗಲೂ ಐವತ್ತೈದು. ನಾನು ಮನೆಯೊಳಗೆ ಬಿದ್ದೆನೇ ಹೊರತು ಬೀದಿಯಲ್ಲಿ ಬಿದ್ದಿರಲಿಲ್ಲ. ಇದೂ ಒಂದು ಅನುಕೂಲವೇ ಎಂದುಕೊಂಡು ಆ ವಾರ ಹೇಗೋ ಓದಿದೆ.

ಆದರೆ ಅದರ ಮುಂದಿನ ಭಾನುವಾರ ನಲವತ್ತೊಂಬತ್ತು ಬಂತು.

ನಾನು ಅಳುವುದು ಬಿಟ್ಟು ಅತ್ತೆಯನ್ನು ಸಮಾಧಾನ ಮಾಡಬೇಕಾಗಿ ಬಂತು. ಅವರು ಹೆದರಿಹೋಗಿದ್ದರು. "ಅಯ್ಯೋ, ಐವತ್ತೈದು ಅಂತ ಹೇಳೀನಲ್ಲೇ ಸುಜಾತ! ಇಲ್ಲದ್ದು ಐತೆ ಅಂದಂಗಾತಲ್ಲೇ!" ಅವರ ಆಯುಷ್ಯದಲ್ಲೇ ಇದ್ದದ್ದಕ್ಕಿಂತ ಹೆಚ್ಚು ಹೇಳಿದ ಕಳಂಕ ಅವರಿಗೆ ತಟ್ಟಿರಲಿಲ್ಲ. ಕಡಿಮೆ ಹೇಳುವುದು ಮರ್ಯಾದೆ, ಹೆಚ್ಚು ಹೇಳುವುದು ಜಂಬ. ಆರು ಅಂಕದಷ್ಟು ಜಂಬ ಕೊಚ್ಚಿಕೊಂಡ ಹಾಗಾಯಿತಲ್ಲ ಎಂದು ಅವರು ಒದ್ದಾಡಿ, ಕೊನೆಗೆ ಸೆರಗು ಸರಿಮಾಡಿಕೊಂಡು ನೇರ ರುದ್ರಕ್ಕನ ಮನೆಗೆ ಹೋದರು. ಹೋಗಿ ತಿದ್ದಿಕೊಂಡು ಬಂದರು. ಎಷ್ಟಕ್ಕೆ ತಿದ್ದಿದರು ಎಂಬುದು ನನಗೆ ಗೊತ್ತಾದದ್ದು ಸೋಮವಾರ, ಆಸ್ಪತ್ರೆಯಲ್ಲಿ.

ಮೊದಲಿಗೆ ಮೆಡಿಕಲ್ ಶಾಪಿನವರು, "ಸಿಸ್ಟ್ರೇ, ರಾತ್ರಿ ಬಾದಾಮಿ ನೆನೆಹಾಕಿ ಬೆಳಿಗ್ಗೆ ತಿನ್ರಿ, ತಲೆಗೆ ಒಳ್ಳೇದು" ಎಂದರು. ನನ್ನ ತಲೆಯ ಚಿಂತೆ ಇವರಿಗೆ ಯಾಕೆ ಬಂತು ಎಂದುಕೊಂಡೆ. ಆಂಬುಲೆನ್ಸ್ ಡ್ರೈವರ್ ಬಂದು, ತನ್ನ ತಂಗಿಯ ಮಗಳು ಎಂಟನೇ ಕ್ಲಾಸಿಗೆ ಫಸ್ಟು, ಅವಳ ವಿಜ್ಞಾನದ ನೋಟ್ಸ್ ಬೇಕಾದರೆ ತಂದುಕೊಡುತ್ತೇನೆ ಎಂದ. ಇಂಜೆಕ್ಷನ್ ಕೊಡುವ ಕೋಣೆಯಲ್ಲಿ ವಯಸ್ಸಾದ ಅಜ್ಜರೊಬ್ಬರು ಮಂಚದ ಮೇಲೆ ಬೋರಲು ಮಲಗಿದ್ದರು. ನಾನು ಹತ್ತಿಗೆ ಸ್ಪಿರಿಟ್ ಹಾಕುತ್ತಿದ್ದೆ. ದಿಂಬಿನೊಳಗಿಂದಲೇ ಮಾತಾಡಿದರು.

"ಬೇಜಾರು ಮಾಡ್ಕೋಬ್ಯಾಡ್ರಿ ಸಿಸ್ಟ್ರೇ. ಮೂವತ್ತೈದು ಅಂದ್ರೆ ಪಾಸೇ ಅಲ್ಲೇನ್ರಿ? ನಮ್ಮ ಮೊಮ್ಮಗಂಗೆ ಅದೂ ಬರಲಿಲ್ಲ."

ನನ್ನ ಕೈ ಅಲ್ಲೇ ನಿಂತಿತು. ಕೋಪ ಬಂದಾಗ ಸೂಜಿ ಹಿಡಿದಿರಬಾರದು ಎಂದು ನಮಗೆ ಕಲಿಸಿದ್ದಾರೆ. ಉಸಿರು ಬಿಟ್ಟು, "ಸ್ವಲ್ಪ ನೋವಾಗ್ತೈತೆ ಅಜ್ಜ" ಎಂದೆ.

"ನಿಮಗೆ ಆದಷ್ಟು ಆಗಾಕಿಲ್ಲ ಬಿಡ್ರಿ" ಎಂದರು ಅವರು.

ಮನೆಗೆ ಬಂದವಳೇ ಚೀಲವನ್ನು ಕಟ್ಟೆಯ ಮೇಲೆ ಎಸೆದೆ. "ಅತ್ತೆ, ನನಗೆ ಬಂದದ್ದು ನಲವತ್ತೊಂಬತ್ತು. ಊರಿಗೆಲ್ಲ ಮೂವತ್ತೈದು ಅಂತ ಹೇಳೀರಲ್ಲ!" ಎಂದೆ. ಅವರು ಶಾಂತವಾಗಿ ಅಕ್ಕಿ ಆರಿಸುತ್ತಿದ್ದರು. "ಹೌದವ್ವ. ನಲವತ್ತೊಂಬತ್ತು ಅಂತ ಹೇಳಿ ಅದೂ ಕೈ ಬಿಟ್ಟು ಹೋಗ್ಲಿ ಅಂತೀಯೇನು?" ಎಂದರು. ನಾನು ಒಳಗೆ ಹೋಗಿ ಪುಸ್ತಕಗಳನ್ನೆಲ್ಲ ಒಟ್ಟುಮಾಡಿ ಅಟ್ಟಕ್ಕೆ ಹಾಕಿದೆ. ಇನ್ನು ಓದುವುದಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ತಮಾಷೆಯಾಗಿ ಬರೆಯುತ್ತಿದ್ದೇನೆ, ಆದರೆ ಆ ದಿನ ನನಗೆ ನಿಜವಾಗಿ ಅಳು ಬಂತು. ಡ್ಯೂಟಿ ಮುಗಿಸಿ, ಅಡುಗೆ ಮುಗಿಸಿ, ತೂಕಡಿಸುತ್ತಾ ಓದಿದ್ದಕ್ಕೆ ಊರಿನವರ ಕನಿಕರ ಮಾತ್ರ ಬಂತಲ್ಲ ಎಂದು ಹೊಟ್ಟೆ ಉರಿಯಿತು. ಮುಂದಿನ ಭಾನುವಾರ ಪರೀಕ್ಷೆ ಬರೆಯಲಿಲ್ಲ. ಗೂಬೆ ಮಧ್ಯಾಹ್ನವೆಲ್ಲ ಎರಡೆರಡು ಸಲ ಕೂಗಿ ಸುಮ್ಮನಾಯಿತು.

ಆ ಸಂಜೆ ನಾನು ನಡುಮನೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಅತ್ತೆ ಮತ್ತು ರುದ್ರಕ್ಕ ಹೊರಗೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ರುದ್ರಕ್ಕನ ಮನೆಯವರು ಬೋರ್ ಕೊರೆಸುವ ಯೋಚನೆಯಲ್ಲಿದ್ದರು. "ನಿಮ್ಮ ಮೂಡಲ ಹೊಲದ ಬೋರು ಎಷ್ಟು ಅಡಿ ಹೋಗಿತ್ತು ಹಾಲಕ್ಕ?" ಎಂದು ಕೇಳಿದಳು.

"ಏಳುನೂರಾ ಮೂವತ್ತು ಅಡಿ," ಎಂದರು ಅತ್ತೆ ಥಟ್ಟನೆ. "ಬರೀ ಧೂಳು. ಒಂದು ಚೆಂಬು ನೀರು ಬರಲಿಲ್ಲ."

ನಾನು ಬಟ್ಟೆ ಮಡಚುವುದು ನಿಲ್ಲಿಸಿದೆ. ಏಳುನೂರಾ ಮೂವತ್ತು. ನಮ್ಮ ಮನೆಯವರೂ ಅಷ್ಟೇ ಹೇಳುತ್ತಾರೆ. ಅತ್ತೆಯ ಬಾಯಿಂದ ಒಂದು ಅಡಿಯೂ ಕಡಿಮೆಯಾಗದ ಲೆಕ್ಕ! ಮಾತು ಹಾಗೇ ರುದ್ರಕ್ಕನ ಮಗನ ಗಣಿತಕ್ಕೆ ಹೊರಳಿತು, ಅಲ್ಲಿಂದ ನನ್ನ ಮೈದುನ ಮಂಜಪ್ಪ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದದ್ದಕ್ಕೆ ಬಂತು. ಈಗ ಅವನು ಹೊನ್ನಾಳಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡು ಚೆನ್ನಾಗಿದ್ದಾನೆ. "ಅವಂಗೆ ಗಣಿತದಾಗೆ ಎಷ್ಟು ಬಂದಿತ್ತು?" ಎಂದಳು ರುದ್ರಕ್ಕ.

"ಹನ್ನೊಂದು."

ಮೂರು ಸಲ ಕಟ್ಟಿಸಿ, ಕೈ ಚೆಲ್ಲಿ, ಆಸೆ ಬಿಟ್ಟ ಹನ್ನೊಂದು. ಅದಕ್ಕೆ ಅತ್ತೆ ಮುಚ್ಚಳ ಮುಚ್ಚಲಿಲ್ಲ. ನಾನು ಕೈಯಲ್ಲಿದ್ದ ಲಂಗವನ್ನು ಹಾಗೇ ಹಿಡಿದುಕೊಂಡು ಒಂದೊಂದಾಗಿ ನೆನೆಸಿಕೊಂಡೆ. ಹಾಲು, ಕಡಿಮೆ. ಜೋಳ, ಕಡಿಮೆ. ಕುರಿ, ಕಡಿಮೆ. ಮಗಳ ತೂಕ, ಕಡಿಮೆ. ನೀರು ಬರದ ಬೋರು, ಸರಿಯಾದ ಲೆಕ್ಕ. ಭೇದಿ, ಸರಿಯಾದ ಲೆಕ್ಕ. ಮಂಜಪ್ಪನ ಗಣಿತ, ಸರಿಯಾದ ಲೆಕ್ಕ. ಕೈ ಬಿಟ್ಟದ್ದನ್ನು ಎಲ್ಲರೂ ಇದ್ದ ಹಾಗೆ ಹೇಳಿಬಿಡುತ್ತಾರೆ, ಅದರಲ್ಲಿ ದೃಷ್ಟಿ ತಾಗಿ ಹೋಗುವಂಥದ್ದು ಇನ್ನೇನೂ ಉಳಿದಿರುವುದಿಲ್ಲ. ಅತ್ತೆ ಯಾವುದಕ್ಕೆ ಲೆಕ್ಕ ಕಡಿಮೆ ಹೇಳುತ್ತಾರೋ ಅದು ಇನ್ನೂ ಹೊಲದಲ್ಲಿ ನಿಂತಿರುವ ಬೆಳೆ. ಎಪ್ಪತ್ನಾಲ್ಕನ್ನು ಐವತ್ತೈದು ಮಾಡಿದಾಗ, ನಲವತ್ತೊಂಬತ್ತನ್ನು ಮೂವತ್ತೈದು ಮಾಡಿದಾಗ, ಅವರು ನನ್ನನ್ನು ಆ ಬೆಳೆಯ ಸಾಲಿಗೆ ಸೇರಿಸಿದ್ದರು. ನಾನು ಅದನ್ನು ಅವಮಾನ ಎಂದುಕೊಂಡು ಚೀಲ ಎಸೆದಿದ್ದೆ.

ಅಟ್ಟದಿಂದ ಪುಸ್ತಕ ಇಳಿಸಿದೆ. ಮಗಳು ಏಣಿ ಹಿಡಿದುಕೊಂಡಳು.

ಇಷ್ಟೆಲ್ಲ ಅರ್ಥವಾದ ಮೇಲೆ ಅಂಕ ಏರಬೇಕಿತ್ತು ಅಲ್ಲವೇ? ಮುಂದಿನ ಭಾನುವಾರ ನಲವತ್ತಾರು ಬಂತು. ಅದುವರೆಗಿನ ಎಲ್ಲಕ್ಕಿಂತ ಕಡಿಮೆ. ಗೂಬೆ ಕನ್ನಡಕ ತೆಗೆದು, ಕಣ್ಣು ಒರೆಸಿ, ಬೆನ್ನು ತಿರುಗಿಸಿ ಕೂತಿತು. ಹೊಸ ಚಿತ್ರ, ಇದನ್ನು ನಾನು ಮುಂಚೆ ನೋಡಿರಲಿಲ್ಲ. ನಾನು ಹೋಗಿ ಅತ್ತೆಗೆ ಹೇಳಿದೆ. ಆಗ ನನಗೆ ಅಂಕದ ಚಿಂತೆಗಿಂತ ದೊಡ್ಡ ಚಿಂತೆ ಹಿಡಿಯಿತು. ಈಗ ರುದ್ರಕ್ಕ ಬರುತ್ತಾಳೆ, ಕೇಳುತ್ತಾಳೆ. ಅತ್ತೆ ಏನಾದರೂ "ನಲವತ್ತಾರು" ಎಂದುಬಿಟ್ಟರೆ? ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರೆ ಮುಗಿಯಿತು, ನಾನೂ ಮೂಡಲ ಹೊಲದ ಬೋರಿನ ಪಕ್ಕ ಹೋಗಿ ನಿಂತ ಹಾಗೆ.

ರುದ್ರಕ್ಕ ಬಂದಳು. ಕಾಯಿಲೆಯವರ ಮನೆಗೆ ಬಂದವಳ ಹಾಗೆ ದನಿ ತಗ್ಗಿಸಿ ಕೇಳಿದಳು. "ಏನಾತು ಹಾಲಕ್ಕ, ಈ ವಾರ?"

ಅತ್ತೆ ನನ್ನ ಕಡೆ ನೋಡಿದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ಅಷ್ಟು ಹೆದರಿಕೆ ನನಗೆ ಪರೀಕ್ಷೆಯ ಕೋಣೆಯಲ್ಲೂ ಆಮೇಲೆ ಆಗಲಿಲ್ಲ.

"ಎಲ್ಲಿ ಬರ್ತೈತೆ ಬಿಡೇ ರುದ್ರಿ," ಎಂದರು ಅತ್ತೆ, ನಿಟ್ಟುಸಿರು ಬಿಟ್ಟು. "ಇಪ್ಪತ್ತೆಂಟಂತೆ."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದೆ. ನಗುವೋ ಅಳುವೋ ನನಗೇ ತಿಳಿಯಲಿಲ್ಲ, ಎರಡೂ ಇತ್ತು. ರುದ್ರಕ್ಕ "ಪಾಪ" ಎನ್ನುವುದು ಕೇಳಿಸಿತು. ನಮ್ಮ ಮನೆಯವರು ಹಿಂದೆಯೇ ಬಂದು, ನಾನು ಅಳುತ್ತಿದ್ದೇನೆ ಎಂದು ತಿಳಿದು, ಮತ್ತೆ ಶೇಂಗಾ ಗಿಡದ ಮಾತು ತೆಗೆದರು. ಈ ಸಲ ನಾನು ಪೂರ್ತಿ ಕೇಳಿದೆ. ಆಮೇಲೆ ಅಭ್ಯಾಸಬಲದಿಂದ ತೋಳಿಗೆ ಪಟ್ಟಿ ಸುತ್ತಿಕೊಂಡೆ. ನೂರಿಪ್ಪತ್ತು, ಎಂಬತ್ತು. ಅಂಕವೂ ಇಳಿದಿತ್ತು, ಬಿ.ಪಿ.ಯೂ ಇಳಿದಿತ್ತು. ವಾರಗಿತ್ತಿಯರಿಬ್ಬರೂ ಅವತ್ತು ಮೊದಲ ಸಲ ಒಂದೇ ಚಾಪೆಯ ಮೇಲೆ ಕೂತಿದ್ದರು.

ಆಮೇಲಿನ ಭಾನುವಾರಗಳ ಅಂಕ ನಾನಿಲ್ಲಿ ಬರೆಯುವುದಿಲ್ಲ. ಏನೋ ಬರುತ್ತಿತ್ತು ಬಿಡಿ, ಅಷ್ಟಕ್ಕಷ್ಟೆ. ನನ್ನ ಮಾತಿನ ಧಾಟಿ ಬದಲಾದದ್ದನ್ನು ನೀವು ಗಮನಿಸಿರಬಹುದು. ಗೂಬೆಗೆ ಮಾತ್ರ ಮತ್ತೆ ಕೆಲಸ ಜಾಸ್ತಿಯಾಯಿತು. ದಾವಣಗೆರೆಯಲ್ಲಿ ಪರೀಕ್ಷೆ ಬರೆದು ಬಸ್ಸಿನಲ್ಲಿ ಬರುವಾಗ ಚನ್ನಗಿರಿಯ ವಸಂತ ಫೋನು ಮಾಡಿದಳು. "ಹೆಂಗೆ ಮಾಡಿದ್ಯೇ?" ಎಂದಳು. "ಏನೋ ಗೀಚಿ ಬಂದೆ ಕಣೇ, ನಿಂದು?" ಎಂದೆ. "ನಂದೂ ಅಷ್ಟೇ" ಎಂದಳು. ಇಬ್ಬರೂ ಒಟ್ಟಿಗೆ ನಕ್ಕೆವು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಫಲಿತಾಂಶ ಬಂದಿದೆ. ಸೀಟು ಸಿಕ್ಕಿದೆ ಎಂದು ಮಾತ್ರ ಹೇಳುತ್ತೇನೆ, ಅದೂ ನೀವು ನಮ್ಮ ಬೀದಿಯವರಲ್ಲ ಎಂಬ ಧೈರ್ಯದ ಮೇಲೆ. ಮೈಸೂರಿನಲ್ಲಿ, ಎರಡು ವರ್ಷ. ಮಗಳು ಇಲ್ಲೇ ಅಜ್ಜಿಯ ಜೊತೆ ಇದ್ದು ಓದುತ್ತಾಳೆ. ನಾನು ಪೆಟ್ಟಿಗೆ ತುಂಬುತ್ತಿದ್ದುದನ್ನು ನೋಡಿ ರುದ್ರಕ್ಕ ಕೇಳಿಯೇ ಕೇಳಿದಳು, ಸುಜಾತಕ್ಕ ಎಲ್ಲಿಗೆ ಹೊರಟಳು ಎಂದು. "ಇಲ್ಲೇ, ಚಿತ್ರದುರ್ಗದ ಆಚೆ" ಎಂದರು ಅತ್ತೆ. ಅದೇನೂ ಸುಳ್ಳಲ್ಲ, ಮೈಸೂರು ಚಿತ್ರದುರ್ಗದ ಆಚೆಯೇ ಇದೆ. "ಎಷ್ಟು ದಿನ?" ಎಂದಳು ರುದ್ರಕ್ಕ. "ಎಂಟು ದಿನ."

ಅವಳು ಹೋದ ಮೇಲೆ ಅತ್ತೆ ಒಳಗೆ ಬಂದು, ಪೆಟ್ಟಿಗೆಯ ಮೂಲೆಯಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ತುರುಕಿದರು. ತುರುಕಿ, ಮತ್ತೆ ತೆಗೆದು, ಬಟ್ಟೆಯಲ್ಲಿ ಸುತ್ತಿ, ಇನ್ನೊಂದು ಮೂಲೆಗೆ ಇಟ್ಟರು. ನಾನು ಸುಮ್ಮನೆ ಕೇಳಬೇಕೆಂದು ಕೇಳಿದೆ.

"ನಾನಿಲ್ಲದಿದ್ರೆ ನಿಮಗೆ ಬೇಜಾರಾಗ್ತೈತೇನ್ರಿ ಅತ್ತೆ?"

"ಎಲ್ಲಿ ಬೇಜಾರು ಬಿಡವ್ವ," ಎಂದರು ಅವರು, ಆ ಕಡೆ ತಿರುಗಿ. "ಏನೋ ಒಂಚೂರು."

ಒಂಚೂರು. ಡಾಕ್ಟರು ಮಾಡುವ ಹಾಗೆ ನಾನು ಅದನ್ನು ಮನಸ್ಸಿನಲ್ಲೇ ಗುಣಿಸಲು ನೋಡಿದೆ. ಐದರಿಂದ ಆಗಲಿಲ್ಲ, ಹತ್ತರಿಂದಲೂ ಆಗಲಿಲ್ಲ. ಪೆಟ್ಟಿಗೆಯ ಮುಚ್ಚಳ ಹಾಕಿ ಅವರ ಪಕ್ಕದಲ್ಲಿ ಕೂತುಕೊಂಡೆ.